ಲೂಯಿಸ್ ಫ್ರೈ ರಿಚರ್ಡ್‌ಸನ್: ತಪ್ಪನ್ನೂ ಲೆಕ್ಕ ಹಾಕಿದ ವಿಜ್ಞಾನಿ

ಕನ್ನಡ ಶಾಲೆಯ ಕೊನೆಯ ವರ್ಷದ ವಿದ್ಯಾರ್ಥಿಗಳು ಈ ಸ್ಮರಣ ಸಂಚಿಕೆಗೆ ಒಬ್ಬ ಹೆಸರಾಂತ ವ್ಯಕ್ತಿಯ ಜೀವನವನ್ನು ಬರೆದುಕೊಡಬೇಕು. ನಾನು ಆರಿಸಿಕೊಂಡದ್ದು ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಅವರನ್ನು. ನಾವೆಲ್ಲ ಈಗ ನೆಲೆಸಿರುವ ಬ್ರಿಟನ್ನಿನಲ್ಲೇ ಅವರು ಹುಟ್ಟಿದರು, ಇಲ್ಲೇ ತೀರಿಕೊಂಡರು. ಹವಾಮಾನವನ್ನು ಲೆಕ್ಕ ಮಾಡಿಯೇ ಮುಂದಾಗಿ ಹೇಳಲು ಹೊರಟವರು ಎಂದು ಅವರ ಹೆಸರು ಪ್ರಸಿದ್ಧ. ಆದರೆ ಅದಕ್ಕೂ ಮೊದಲು ಅವರು ಒಂದು ಕಲ್ಲಿನ ಅಣೆಕಟ್ಟಿನ ಲೆಕ್ಕ ಮಾಡಿದ್ದರು. ಸೇತುವೆ ಎಲ್ಲಿ ಬಾಗುತ್ತದೆ, ವಿಮಾನದ ರೆಕ್ಕೆ ಎಲ್ಲಿ ಬಿರುಕು ಬಿಡುತ್ತದೆ ಎಂದು ಇವತ್ತು ಕಂಪ್ಯೂಟರಿನಲ್ಲಿ ನೋಡುವ ಎಂಜಿನಿಯರುಗಳು ಆ ಲೆಕ್ಕ ತೋರಿಸಿದ ದಾರಿಯಲ್ಲೇ ನಡೆಯುತ್ತಿದ್ದಾರೆ. ಮುಂದೆ ಎಂಜಿನಿಯರಿಂಗ್ ಓದಬೇಕೆಂದಿರುವ ನನಗೆ ಅವರ ಲೆಕ್ಕದಷ್ಟೇ ಅವರ ನಡತೆಯೂ ಮುಖ್ಯವಾಗಿ ಕಂಡಿತು.

ರಿಚರ್ಡ್‌ಸನ್ ಅವರು 1881ರ ಅಕ್ಟೋಬರ್ 11ರಂದು ಇಂಗ್ಲೆಂಡಿನ ಉತ್ತರ ಭಾಗದ ನ್ಯೂಕ್ಯಾಸಲ್ ಊರಿನಲ್ಲಿ ಹುಟ್ಟಿದರು. ತಂದೆ ಡೇವಿಡ್ ಅವರದು ಚರ್ಮ ಹದ ಮಾಡುವ ವ್ಯಾಪಾರ. ತಾಯಿ ಕ್ಯಾಥರೀನ್. ಏಳು ಮಕ್ಕಳಲ್ಲಿ ಇವರೇ ಕೊನೆಯವರು. ಮನೆಯವರು ಕ್ವೇಕರ್ ಪಂಥಕ್ಕೆ ಸೇರಿದವರು. ಯಾವ ಕಾರಣಕ್ಕೂ ಆಯುಧ ಹಿಡಿಯಬಾರದು, ಯುದ್ಧ ಮಾಡಬಾರದು ಎಂಬುದು ಆ ಪಂಥದವರ ನಂಬಿಕೆ. ಈ ನಂಬಿಕೆ ಅವರ ಜೀವನವನ್ನು ಮತ್ತೆ ಮತ್ತೆ ಬೇರೆ ದಾರಿಗೆ ತಿರುಗಿಸಿತು. ಯಾರ್ಕ್ ಊರಿನ ಬೂಥಮ್ ಶಾಲೆಯಲ್ಲಿ ಓದಿ, ನ್ಯೂಕ್ಯಾಸಲ್‌ನಲ್ಲಿ ಎರಡು ವರ್ಷ ಕಲಿತು, ನಂತರ ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿಗೆ ಸೇರಿದರು. 1903ರಲ್ಲಿ ಅಲ್ಲಿಂದ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು.

ಪದವಿಯ ನಂತರ ಅವರು ಒಂದೇ ಕಡೆ ನಿಲ್ಲಲಿಲ್ಲ. ಸಂಶೋಧನಾಲಯದಲ್ಲಿ ಸ್ವಲ್ಪ ಕಾಲ, ಕಾಲೇಜಿನಲ್ಲಿ ಪಾಠ ಹೇಳುತ್ತಾ ಸ್ವಲ್ಪ ಕಾಲ ಕಳೆದರು. 1906ರಲ್ಲಿ ಪೀಟ್ ತೆಗೆಯುವ ಒಂದು ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞರಾಗಿ ಸೇರಿದರು. ಪೀಟ್ ಎಂದರೆ ಜೌಗು ನೆಲದಲ್ಲಿ ಗಿಡಗಳು ಕೊಳೆತು ಆಗುವ ಮಣ್ಣು. ಒಣಗಿಸಿದರೆ ಸೌದೆಯ ಹಾಗೆ ಉರಿಯುತ್ತದೆ. ಆ ನೆಲದ ನೀರು ಬಸಿದು ಹೋಗಬೇಕಾದರೆ ಕಾಲುವೆಗಳನ್ನು ಎಲ್ಲೆಲ್ಲಿ ತೋಡಬೇಕು ಎಂಬ ಪ್ರಶ್ನೆ ಅವರ ಮುಂದೆ ಬಂತು. ನೀರು ಮಣ್ಣಿನೊಳಗೆ ಹೇಗೆ ಹರಿಯುತ್ತದೆ ಎಂದು ಹೇಳುವ ಅವಕಲ ಸಮೀಕರಣ ಗೊತ್ತಿತ್ತು. ಆದರೆ ಪುಸ್ತಕದಲ್ಲಿದ್ದ ಉತ್ತರಗಳು ವೃತ್ತ, ಆಯತದಂಥ ಅಚ್ಚುಕಟ್ಟಾದ ಆಕಾರಗಳಿಗೆ ಮಾತ್ರ. ನಿಜವಾದ ಜೌಗು ನೆಲಕ್ಕೆ ಅಂಥ ಆಕಾರ ಎಲ್ಲಿಂದ ಬರಬೇಕು? ಅವರು ಮೊದಲು ಕೈಯಿಂದ ಗೆರೆ ಎಳೆದು ಉತ್ತರ ಹುಡುಕಿದರು. ಆಮೇಲೆ ಸಂಖ್ಯೆಗಳಿಂದಲೇ ಹುಡುಕುವ ದಾರಿಯನ್ನು ಯೋಚಿಸಿದರು. ನಿಖರವಾದ ಉತ್ತರ ಸಿಗದ ಕಡೆ ಸುಮ್ಮನೆ ಕೈಕಟ್ಟಿ ಕೂರುವುದಕ್ಕಿಂತ, ಅಂದಾಜಿನ ಉತ್ತರವನ್ನು ಶಿಸ್ತಿನಿಂದ ಪಡೆಯುವುದು ಮೇಲು ಎಂದು ಅವರಿಗೆ ಅನ್ನಿಸಿತು.

ಆ ಕಾಲದಲ್ಲಿ ಬ್ರಿಟನ್ನಿನ ಎಂಜಿನಿಯರುಗಳ ನಡುವೆ ಅಣೆಕಟ್ಟುಗಳ ಬಗ್ಗೆ ದೊಡ್ಡ ಚರ್ಚೆ ನಡೆಯುತ್ತಿತ್ತು. ಈಜಿಪ್ಟಿನಲ್ಲಿ ನೈಲ್ ನದಿಗೆ ಅಸ್ವಾನ್ ಎಂಬಲ್ಲಿ ಬ್ರಿಟಿಷರು ಕಟ್ಟಿಸಿದ ಕಲ್ಲಿನ ಅಣೆಕಟ್ಟು 1902ರಲ್ಲಿ ಮುಗಿದಿತ್ತು. 1907ರಿಂದ 1912ರವರೆಗೆ ಅದನ್ನು ಇನ್ನೂ ಎತ್ತರಿಸಿದರು. ಇಂಥ ಅಣೆಕಟ್ಟು ನೀರನ್ನು ತಡೆಯುವುದು ತನ್ನ ಭಾರದಿಂದಲೇ. ಕನ್ನಂಬಾಡಿ ಕಟ್ಟೆಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 1911ರಲ್ಲಿ ಕೆಲಸ ಶುರುವಾದ ಅದೂ ಕಲ್ಲು ಮತ್ತು ಸುರ್ಕಿ ಗಾರೆಯಿಂದ ಕಟ್ಟಿದ ಇದೇ ಜಾತಿಯ ಅಣೆಕಟ್ಟು. ಕಲ್ಲು, ಗಾರೆ ಎರಡೂ ಒತ್ತುವ ಬಲವನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಎಳೆಯುವ ಬಲ ಬಂದರೆ ಮಾತ್ರ ಬೇಗ ಬಿರುಕು ಬಿಡುತ್ತವೆ. ಆದ್ದರಿಂದ ಅಣೆಕಟ್ಟಿನ ಒಳಗೆ ಎಲ್ಲಿಯಾದರೂ ಎಳೆತ ಹುಟ್ಟುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಎಂಜಿನಿಯರುಗಳು ಅಣೆಕಟ್ಟನ್ನು ಅಡ್ಡಲಾಗಿ ಕತ್ತರಿಸಿದಂತೆ ಊಹಿಸಿಕೊಂಡು ಪರೀಕ್ಷಿಸುತ್ತಿದ್ದರು. ಅಷ್ಟು ಸಾಲದು, ಮೇಲಿನಿಂದ ಕೆಳಕ್ಕೆ ಕತ್ತರಿಸಿದಂತೆಯೂ ನೋಡಬೇಕು ಎಂದು 1904ರಲ್ಲಿ ಲಂಡನ್ನಿನ ಗಣಿತಜ್ಞ ಕಾರ್ಲ್ ಪಿಯರ್ಸನ್ ಮತ್ತು ಅವರ ಜೊತೆಗಾರ ಅಟ್ಚರ್ಲಿ ವಾದಿಸಿದರು. ವಾದ ಜೋರಾಗಿಯೇ ನಡೆಯಿತು. ಒಂದು ಅಣೆಕಟ್ಟು ಒಡೆದರೆ ಕೆಳಗಿನ ಊರುಗಳ ಗತಿ ಏನು ಎಂದು ಯೋಚಿಸಿದರೆ ಇದು ಬರೀ ಪುಸ್ತಕದ ಜಗಳ ಅಲ್ಲ ಎಂದು ಗೊತ್ತಾಗುತ್ತದೆ.

ರಿಚರ್ಡ್‌ಸನ್ ಅವರು ತಮ್ಮ ಹೊಸ ವಿಧಾನವನ್ನು ಕಲ್ಲಿನ ಅಣೆಕಟ್ಟಿನ ಮೇಲೆಯೇ ಪ್ರಯೋಗಿಸಿದರು. ವಿಧಾನ ಹೀಗಿದೆ. ಅಣೆಕಟ್ಟನ್ನು ಕೇಕಿನಂತೆ ಕತ್ತರಿಸಿದರೆ ಕಾಣುವ ಆಕಾರವನ್ನು ಕಾಗದದ ಮೇಲೆ ಬರೆಯಬೇಕು. ಅದರ ಮೇಲೆ ಗ್ರಾಫ್ ಪೇಪರಿನ ಹಾಗೆ ಚೌಕಗಳನ್ನು ಎಳೆಯಬೇಕು. ಗೆರೆಗಳು ಕೂಡುವ ಪ್ರತಿ ಬಿಂದುವಿಗೂ ಒಂದು ಸಂಖ್ಯೆ. ಆ ಸಂಖ್ಯೆಗಳಿಂದ ಕಲ್ಲಿನ ಒಳಗಿನ ಎಳೆತ ಮತ್ತು ಒತ್ತುವಿಕೆ, ಅಂದರೆ ಎಂಜಿನಿಯರುಗಳು ಸ್ಟ್ರೆಸ್ ಎನ್ನುವುದನ್ನು ಕಂಡುಹಿಡಿಯಬಹುದು. ಅಂಚಿನ ಸಂಖ್ಯೆಗಳು ನೀರಿನ ಒತ್ತಡದಿಂದ ಮೊದಲೇ ಗೊತ್ತಾಗುತ್ತವೆ. ಒಳಗಿನವು ಗೊತ್ತಿಲ್ಲ; ಆದ್ದರಿಂದ ಮೊದಲು ಏನಾದರೊಂದು ಊಹೆ ಮಾಡಿ ತುಂಬಿಸಬೇಕು. ಆಮೇಲೆ ಪ್ರತಿ ಬಿಂದುವಿನ ಸಂಖ್ಯೆ ನೆರೆಯ ಬಿಂದುಗಳ ಸಂಖ್ಯೆಗಳಿಗೆ ಹೊಂದುತ್ತದೆಯೇ ಎಂದು ನೋಡಬೇಕು. ಸುಲಭವಾದ ಸಮೀಕರಣಗಳಲ್ಲಿ ಒಂದು ಬಿಂದುವಿನ ಸಂಖ್ಯೆ ಮೇಲೆ, ಕೆಳಗೆ, ಎಡ, ಬಲ ಇರುವ ನಾಲ್ಕು ಸಂಖ್ಯೆಗಳ ಸರಾಸರಿಯಾಗಿದ್ದರೆ ಸರಿ. ಅಣೆಕಟ್ಟಿನ ಸಮೀಕರಣ ಇದಕ್ಕಿಂತ ಕಷ್ಟ. ಅಲ್ಲಿ ಒಂದು ಬಿಂದುವಿಗೆ 12 ನೆರೆಯ ಬಿಂದುಗಳನ್ನು ನೋಡಬೇಕು. ಹೊಂದದಿದ್ದರೆ ಎಷ್ಟು ವ್ಯತ್ಯಾಸ ಇದೆಯೋ ಅದನ್ನು ನೋಡಿ ಸ್ವಲ್ಪ ತಿದ್ದಬೇಕು. ಎಲ್ಲ ಬಿಂದುಗಳನ್ನೂ ತಿದ್ದಿದ ಮೇಲೆ ಮತ್ತೆ ಮೊದಲಿನಿಂದ ನೋಡಬೇಕು, ಮತ್ತೆ ತಿದ್ದಬೇಕು. ಸುತ್ತು ಸುತ್ತಿಗೂ ವ್ಯತ್ಯಾಸ ಕಡಿಮೆಯಾಗುತ್ತಾ ಬರುತ್ತದೆ.

ಇದರಲ್ಲಿ ನನಗೆ ಇಷ್ಟವಾದದ್ದು ಏನೆಂದರೆ, ಇಡೀ ಅಣೆಕಟ್ಟಿನ ಪ್ರಶ್ನೆ ದೊಡ್ಡ ಗಣಿತಜ್ಞರಿಗೂ ಕಷ್ಟ, ಆದರೆ ಒಂದು ಬಿಂದುವಿನ ಲೆಕ್ಕ ಶಾಲೆಯ ಹುಡುಗನಿಗೂ ಬರುತ್ತದೆ. ಅಲ್ಲಿರುವುದು ಕೂಡಿಸುವುದು, ಕಳೆಯುವುದು, ಗುಣಿಸುವುದು ಅಷ್ಟೇ. ಆಗ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಲೆಕ್ಕ ಮಾಡುವ ಮನುಷ್ಯ. ರಿಚರ್ಡ್‌ಸನ್ ಅವರು ನಿಜವಾಗಿಯೂ ಹುಡುಗರನ್ನು ಈ ಕೆಲಸಕ್ಕೆ ಇಟ್ಟುಕೊಂಡರು. ಬಿಂದುವಿಗೆ ಇಷ್ಟು ಎಂದು ಕೂಲಿ ಕೊಟ್ಟರು: ಸಂಖ್ಯೆಯಲ್ಲಿ ಎಷ್ಟು ಅಂಕಿಗಳಿವೆಯೋ ಅದನ್ನು 18ರಿಂದ ಭಾಗಿಸಿದರೆ ಬರುವಷ್ಟು ಪೆನ್ನಿ. ಮೂರು ಅಂಕಿಯ ಸಂಖ್ಯೆಯಾದರೆ ಒಂದು ಪೆನ್ನಿಯ ಆರನೇ ಒಂದು ಭಾಗ. ಚುರುಕಾದ ಹುಡುಗನೊಬ್ಬ ಮೂರು ಅಂಕಿಯ ಸಂಖ್ಯೆಗಳಲ್ಲಿ ವಾರಕ್ಕೆ ಸುಮಾರು 2,000 ಲೆಕ್ಕಗಳನ್ನು ಮಾಡಿದ. ತಪ್ಪಾದವನ್ನು ಎಣಿಕೆಗೆ ಹಿಡಿಯಲಿಲ್ಲ. ಹುಡುಗರಿಗೆ ಹೆಚ್ಚು ತೊಂದರೆ ಕೊಟ್ಟದ್ದು ಪ್ಲಸ್ ಮತ್ತು ಮೈನಸ್ ಚಿಹ್ನೆಗಳು ಬೆರೆತುಹೋಗುತ್ತಿದ್ದದ್ದು. ನಮ್ಮ ತರಗತಿಯಲ್ಲೂ ಅದೇ ಕಥೆ! ಈ ವಿವರಗಳನ್ನೆಲ್ಲ ಅವರು ತಮ್ಮ ಪ್ರಬಂಧದಲ್ಲೇ ಬರೆದಿಟ್ಟರು. ಆ ಪ್ರಬಂಧ 1910ರಲ್ಲಿ ರಾಯಲ್ ಸೊಸೈಟಿಯ ಮುಂದೆ ಬಂದು, 1911ರಲ್ಲಿ ಅಚ್ಚಾಯಿತು. ಬರೆದಾಗ ಅವರಿಗೆ ಇನ್ನೂ 30 ತುಂಬಿರಲಿಲ್ಲ.

ಆ ಪ್ರಬಂಧದ ಇನ್ನೊಂದು ಕೊಡುಗೆ ತಪ್ಪಿನ ಲೆಕ್ಕ. ಚೌಕಗಳನ್ನು ಎಳೆದು ಮಾಡಿದ ಉತ್ತರ ಅಂದಾಜು ಎಂದಮೇಲೆ ಅದರಲ್ಲಿ ತಪ್ಪು ಇದ್ದೇ ಇರುತ್ತದೆ. ಎಷ್ಟು ತಪ್ಪು ಎಂದು ತಿಳಿಯದಿದ್ದರೆ ಆ ಉತ್ತರವನ್ನು ನಂಬಿ ಅಣೆಕಟ್ಟು ಕಟ್ಟುವುದು ಹೇಗೆ? ಚೌಕದ ಬದಿಯನ್ನು ಅರ್ಧ ಮಾಡಿದರೆ ತಪ್ಪು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ಅವರು ಗಮನಿಸಿದರು. ಹಾಗಾದರೆ ದೊಡ್ಡ ಚೌಕಗಳಿಂದ ಒಂದು ಸಲ, ಚಿಕ್ಕ ಚೌಕಗಳಿಂದ ಇನ್ನೊಂದು ಸಲ ಲೆಕ್ಕ ಮಾಡಿ, ಎರಡು ಉತ್ತರಗಳ ವ್ಯತ್ಯಾಸದಿಂದ ಉಳಿದ ತಪ್ಪನ್ನು ಅಂದಾಜು ಮಾಡಬಹುದು.

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. 1 ಮೀಟರ್ ವ್ಯಾಸದ ವೃತ್ತದ ಒಳಗೆ, ಮೂಲೆಗಳು ವೃತ್ತವನ್ನು ಮುಟ್ಟುವಂತೆ ಒಂದು ಚೌಕ ಬರೆಯಿರಿ. ಅದರ ನಾಲ್ಕು ಬದಿಗಳನ್ನು ಕೂಡಿಸಿದರೆ 2.828 ಮೀಟರ್. ಹಾಗೆಯೇ ಆರು ಸಮಬದಿಗಳ ಆಕೃತಿ ಬರೆದರೆ ಸುತ್ತಳತೆ ಸರಿಯಾಗಿ 3 ಮೀಟರ್. ವೃತ್ತದ ನಿಜವಾದ ಸುತ್ತಳತೆ ಪೈ, ಅಂದರೆ 3.1416. ಎರಡೂ ಉತ್ತರ ತಪ್ಪೇ. ಆದರೆ ತಪ್ಪು ಬದಿಗಳ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ನಾಲ್ಕರ ವರ್ಗ 16, ಆರರ ವರ್ಗ 36. ಆದ್ದರಿಂದ ಚೌಕದ ತಪ್ಪು 9 ಪಾಲಾದರೆ ಆರು ಬದಿಯ ಆಕೃತಿಯ ತಪ್ಪು 4 ಪಾಲು. ಎರಡು ಉತ್ತರಗಳ ವ್ಯತ್ಯಾಸ 0.172 ಎಂದರೆ 5 ಪಾಲು. ಹಾಗಾದರೆ ಉಳಿದ 4 ಪಾಲು ಸುಮಾರು 0.137. ಅದನ್ನು 3ಕ್ಕೆ ಸೇರಿಸಿದರೆ 3.137. ಎರಡು ಒರಟು ಉತ್ತರಗಳಿಂದ ಇಷ್ಟು ಒಳ್ಳೆಯ ಉತ್ತರ ಬಂತು. ಈ ಉಪಾಯಕ್ಕೆ ಇವತ್ತಿಗೂ ರಿಚರ್ಡ್‌ಸನ್ ಅವರ ಹೆಸರೇ ಇದೆ. ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕವನ್ನು ಎಷ್ಟು ನಂಬಬಹುದು ಎಂದು ಪರೀಕ್ಷಿಸಲು ಎಂಜಿನಿಯರುಗಳು ಈಗಲೂ ಇದನ್ನು ಬಳಸುತ್ತಾರೆ.

ಇಷ್ಟೆಲ್ಲ ಮಾಡಿದ್ದಕ್ಕೆ ಅವರಿಗೆ ಆಗ ಸಿಕ್ಕಿದ್ದು ನಿರಾಸೆ. ಕಿಂಗ್ಸ್ ಕಾಲೇಜಿನ ಫೆಲೋಶಿಪ್ಪಿಗಾಗಿ ಅವರು ಇದೇ ಕೆಲಸವನ್ನು ಕಳಿಸಿದ್ದರು. ಅಂದಾಜಿನ ಗಣಿತ ಎಂಬ ಕಾರಣಕ್ಕೆ ಅದನ್ನು ನೋಡಿದ ಗಣಿತಜ್ಞರಿಗೆ ಮೆಚ್ಚುಗೆಯಾಗಲಿಲ್ಲ, ಫೆಲೋಶಿಪ್ ಸಿಗಲಿಲ್ಲ. ಅವರು ಮುಂದೆ ಯಾವತ್ತೂ ಕೇಂಬ್ರಿಡ್ಜಿನಲ್ಲಿ ಕೆಲಸ ಮಾಡಲಿಲ್ಲ. ಒಳ್ಳೆಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದರೆ ಮಾತ್ರ ಜೀವನ ಎಂದು ನಾವು, ನಮ್ಮ ಮನೆಯವರು ಚಿಂತೆ ಮಾಡುವ ಈ ವಯಸ್ಸಿನಲ್ಲಿ ಇದನ್ನು ಓದಿ ನನಗೆ ಸ್ವಲ್ಪ ಧೈರ್ಯ ಬಂತು.

1909ರಲ್ಲಿ ಅವರು ಡೊರೊತಿ ಗಾರ್ನೆಟ್ ಅವರನ್ನು ಮದುವೆಯಾದರು. ಮುಂದೆ ದಂಪತಿಗಳು ಇಬ್ಬರು ಗಂಡುಮಕ್ಕಳನ್ನೂ ಒಬ್ಬ ಮಗಳನ್ನೂ ದತ್ತು ತೆಗೆದುಕೊಂಡರು. 1913ರಲ್ಲಿ ಹವಾಮಾನ ಇಲಾಖೆ ಅವರನ್ನು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಕರಾಗಿ ನೇಮಿಸಿತು. ಅಣೆಕಟ್ಟಿನ ಮೇಲೆ ಎಳೆದ ಚೌಕಗಳನ್ನು ಅವರು ಅಲ್ಲಿ ಆಕಾಶದ ಮೇಲೆ ಎಳೆಯತೊಡಗಿದರು. ಗಾಳಿಯ ಒತ್ತಡ, ವೇಗ, ತೇವಾಂಶಗಳ ಸಮೀಕರಣಗಳನ್ನು ಇದೇ ರೀತಿ ಬಿಡಿಸಿದರೆ ನಾಳೆಯ ಹವಾಮಾನವನ್ನು ಲೆಕ್ಕದಿಂದಲೇ ಹೇಳಬಹುದಲ್ಲವೇ ಎಂಬುದು ಅವರ ಯೋಚನೆ.

ಅಷ್ಟರಲ್ಲಿ ಮೊದಲನೇ ಮಹಾಯುದ್ಧ ಬಂತು. ಅವರು ಬಂದೂಕು ಹಿಡಿಯಲು ಒಪ್ಪಲಿಲ್ಲ. ಹಾಗೆಂದು ಮನೆಯಲ್ಲಿ ಕೂರಲೂ ಇಲ್ಲ. 1916ರಲ್ಲಿ ಕೆಲಸ ಬಿಟ್ಟು ಕ್ವೇಕರ್ ಸ್ನೇಹಿತರ ಆಂಬುಲೆನ್ಸ್ ದಳಕ್ಕೆ ಸೇರಿ, ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸಿದರು. ಬಿಡುವು ಸಿಕ್ಕಾಗ, ಚಳಿಯ ಬಿಡಾರದಲ್ಲಿ ಒಣಹುಲ್ಲಿನ ರಾಶಿಯೇ ಮೇಜಾಗಿ, ಲೆಕ್ಕ ಮಾಡಿದರು. 1910ರ ಮೇ 20ರ ಅಳತೆಗಳನ್ನು ಇಟ್ಟುಕೊಂಡು, ಯುರೋಪಿನ ಮಧ್ಯದ ಒಂದು ಜಾಗದಲ್ಲಿ ಆರು ಗಂಟೆಯಲ್ಲಿ ಏನಾಗಬೇಕಿತ್ತು ಎಂದು ಕಂಡುಹಿಡಿಯಲು ಅವರಿಗೆ ಆರು ವಾರ ಬೇಕಾಯಿತು. 1917ರ ಏಪ್ರಿಲ್‌ನ ಕದನದ ಗದ್ದಲದಲ್ಲಿ ಹಸ್ತಪ್ರತಿ ಕಳೆದುಹೋಯಿತು. ತಿಂಗಳುಗಳ ನಂತರ ಅದು ಬೆಲ್ಜಿಯಂನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ಸಿಕ್ಕಿತು.

ಅಷ್ಟು ಕಷ್ಟಪಟ್ಟು ಬಂದ ಉತ್ತರ ಪೂರ್ತಿ ತಪ್ಪಾಗಿತ್ತು. ಆರು ಗಂಟೆಯಲ್ಲಿ ಗಾಳಿಯ ಒತ್ತಡ 145 ಮಿಲಿಬಾರ್ ಏರುತ್ತದೆ ಎಂದು ಲೆಕ್ಕ ಹೇಳಿತು. ನಿಜದಲ್ಲಿ ಆ ದಿನ ಒತ್ತಡ ಹೆಚ್ಚುಕಡಿಮೆ ಇದ್ದ ಹಾಗೆಯೇ ಇತ್ತು. ಬೇರೆಯವರಾಗಿದ್ದರೆ ಆ ಕಾಗದಗಳನ್ನು ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿದ್ದರೇನೋ. ರಿಚರ್ಡ್‌ಸನ್ ಅವರು 1922ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಡೀ ಲೆಕ್ಕವನ್ನು, ತಪ್ಪು ಉತ್ತರದ ಸಮೇತ, ಎಲ್ಲರೂ ನೋಡುವಂತೆ ಅಚ್ಚು ಹಾಕಿಸಿದರು. ಅದೇ ಪುಸ್ತಕದಲ್ಲಿ ಒಂದು ಕಲ್ಪನೆಯೂ ಇದೆ: ಭೂಮಿಯ ನಕ್ಷೆ ಬರೆದ ಗೋಡೆಗಳ ದೊಡ್ಡ ಸಭಾಂಗಣದಲ್ಲಿ 64,000 ಜನ ಕುಳಿತು, ಒಬ್ಬೊಬ್ಬರೂ ತಮ್ಮ ತುಂಡಿನ ಲೆಕ್ಕ ಮಾಡುತ್ತಾ ಪ್ರಪಂಚದ ಹವಾಮಾನವನ್ನು ಹೇಳುವುದು. ಎಲ್ಲವೂ ಬರೆದಿಟ್ಟಿದ್ದರಿಂದ ನಂತರದ ವಿಜ್ಞಾನಿಗಳು ಲೆಕ್ಕವನ್ನು ಮತ್ತೆ ಮಾಡಿ ನೋಡಲು ಸಾಧ್ಯವಾಯಿತು. ವಿಧಾನ ಸರಿಯಾಗಿಯೇ ಇತ್ತು, ಆರಂಭದ ಅಳತೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ ಎಂದು ಗೊತ್ತಾಯಿತು. ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಯುದ್ಧ ಮುಗಿದ ಮೇಲೆ ಹವಾಮಾನ ಇಲಾಖೆಗೆ ಮರಳಿದರು. ಆದರೆ 1920ರಲ್ಲಿ ಸರ್ಕಾರ ಆ ಇಲಾಖೆಯನ್ನು ಯುದ್ಧವಿಮಾನಗಳನ್ನೂ ನೋಡಿಕೊಳ್ಳುವ ವಾಯು ಸಚಿವಾಲಯಕ್ಕೆ ಸೇರಿಸಿತು. ಅವರು ರಾಜೀನಾಮೆ ಕೊಟ್ಟು ಲಂಡನ್ನಿನಲ್ಲಿ ಶಿಕ್ಷಕರನ್ನು ತಯಾರು ಮಾಡುವ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಹೋದರು. ಗಾಳಿಯ ಸುಳಿಗಳ ಬಗ್ಗೆ ಸಂಶೋಧನೆಯನ್ನು ಮಾತ್ರ ಮುಂದುವರಿಸಿದರು. 1926ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಆಮೇಲೆ ತಮ್ಮ ಕೆಲಸದಲ್ಲಿ ಎಲ್ಲರಿಗಿಂತ ಹೆಚ್ಚು ಆಸಕ್ತಿ ತೋರಿಸುತ್ತಿರುವವರು ವಿಷಾನಿಲದ ತಜ್ಞರು ಎಂದು ಅವರಿಗೆ ತಿಳಿಯಿತು. ಗಾಳಿ ಹೇಗೆ ಹರಡುತ್ತದೆ ಎಂದು ಗೊತ್ತಾದರೆ ವಿಷ ಹೇಗೆ ಹರಡುತ್ತದೆ ಎಂದೂ ಗೊತ್ತಾಗುತ್ತದಲ್ಲ. ಅವರು ಆ ಸಂಶೋಧನೆಯನ್ನು ನಿಲ್ಲಿಸಿ, ಇನ್ನೂ ಪ್ರಕಟವಾಗದೆ ಉಳಿದಿದ್ದ ಕೆಲಸವನ್ನು ತಾವೇ ನಾಶಮಾಡಿದರು. ತಪ್ಪು ಲೆಕ್ಕವನ್ನು ಅಚ್ಚು ಹಾಕಿಸಲು ಹಿಂಜರಿಯದವರು, ಸರಿಯಾದ ಲೆಕ್ಕವನ್ನು ಕೈಯಾರೆ ಅಳಿಸಿದರು. ಅವರ ಜೀವನದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ.

1929ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಊರಿನ ತಾಂತ್ರಿಕ ಕಾಲೇಜಿಗೆ ಪ್ರಾಂಶುಪಾಲರಾದರು. ಅದೇ ವರ್ಷ, 47ರ ವಯಸ್ಸಿನಲ್ಲಿ, ಲಂಡನ್ ವಿಶ್ವವಿದ್ಯಾಲಯದಿಂದ ಮನಶ್ಶಾಸ್ತ್ರದ ಪದವಿಯನ್ನೂ ಪಡೆದರು. ಯುದ್ಧಗಳು ಏಕೆ ಆಗುತ್ತವೆ ಎಂದು ಗಣಿತದಿಂದ ತಿಳಿಯುವುದು ಅವರ ಕೊನೆಯ ದೊಡ್ಡ ಕೆಲಸವಾಯಿತು. ಅದಕ್ಕಾಗಿಯೇ 1940ರಲ್ಲಿ ಬೇಗ ನಿವೃತ್ತರಾದರು. ನೆರೆಯ ದೇಶಗಳ ನಡುವಿನ ಗಡಿಯ ಉದ್ದಕ್ಕೂ ಯುದ್ಧಕ್ಕೂ ಸಂಬಂಧ ಇದೆಯೇ ಎಂದು ನೋಡುವಾಗ ಅವರಿಗೆ ಒಂದು ವಿಚಿತ್ರ ಕಂಡಿತು. ಸ್ಪೇನ್ ಮತ್ತು ಪೋರ್ಚುಗಲ್ ನಡುವಿನ ಒಂದೇ ಗಡಿಗೆ ಒಂದು ಕಡೆ 987 ಕಿಲೋಮೀಟರ್, ಇನ್ನೊಂದು ಕಡೆ 1,214 ಕಿಲೋಮೀಟರ್ ಎಂದಿತ್ತು. ಅಳೆಯುವ ಕೋಲು ಚಿಕ್ಕದಾದಷ್ಟೂ ಗಡಿಯ ಅಂಕುಡೊಂಕುಗಳೆಲ್ಲ ಲೆಕ್ಕಕ್ಕೆ ಬಂದು ಉದ್ದ ಹೆಚ್ಚುತ್ತಾ ಹೋಗುತ್ತದೆ. ಅಣೆಕಟ್ಟಿನಲ್ಲಿ ಚೌಕ ಚಿಕ್ಕದಾದಂತೆ ಉತ್ತರ ಒಂದು ಕಡೆ ಬಂದು ನಿಲ್ಲುತ್ತಿತ್ತು. ಇಲ್ಲಿ ನಿಲ್ಲಲೇ ಇಲ್ಲ. ಅವರು ತೀರಿಕೊಂಡ ನಂತರ ಪ್ರಕಟವಾದ ಈ ಕೆಲಸವನ್ನು ಗಣಿತಜ್ಞ ಮ್ಯಾಂಡಲ್‌ಬ್ರಾಟ್ 1967ರಲ್ಲಿ ಬ್ರಿಟನ್ನಿನ ಕರಾವಳಿಯ ಉದ್ದದ ಬಗ್ಗೆ ಬರೆದ ಲೇಖನದಿಂದ ಪ್ರಸಿದ್ಧಗೊಳಿಸಿದರು.

ವಸ್ತುಗಳು ಒಡೆಯುವುದನ್ನು ಲೆಕ್ಕ ಮಾಡುವವರಿಗೂ ಇಂಥದೇ ತೊಡಕು ಇದೆ. ಚೂಪಾದ ಬಿರುಕಿನ ತುದಿಯಲ್ಲಿ ಚೌಕಗಳನ್ನು ಚಿಕ್ಕದು ಮಾಡಿದಷ್ಟೂ ಲೆಕ್ಕದ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ. ಅದಕ್ಕೆ ಬ್ರಿಟನ್ನಿನವರೇ ಆದ ಗ್ರಿಫಿತ್ ಎಂಬ ಎಂಜಿನಿಯರ್ 1920ರ ಹೊತ್ತಿಗೆ ಬೇರೆ ಪ್ರಶ್ನೆ ಕೇಳಿದ್ದರು: ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿ, ಹೊಸ ಮೇಲ್ಮೈಗಳನ್ನು ಉಂಟುಮಾಡಲು ಸಾಕೇ? ಸಾಕಾದರೆ ಬಿರುಕು ಮುಂದೆ ಓಡುತ್ತದೆ. ಇಂದಿನ ಎಷ್ಟೋ ಕಂಪ್ಯೂಟರ್ ಲೆಕ್ಕಗಳು ಈ ಎರಡನ್ನೂ ಜೊತೆಗಿಟ್ಟುಕೊಂಡೇ ನಡೆಯುತ್ತವೆ: ವಸ್ತುವನ್ನು ಸಣ್ಣ ತುಂಡುಗಳಾಗಿ ಒಡೆಯುವುದು, ಮತ್ತು ಎಲ್ಲಿ ಬರೀ ಸಣ್ಣದು ಮಾಡಿದರೆ ಸಾಲದು ಎಂದು ತಿಳಿದಿರುವುದು. ಈಗ ಹೆಚ್ಚಾಗಿ ಬಳಸುವ ಫೈನೈಟ್ ಎಲಿಮೆಂಟ್ ವಿಧಾನಕ್ಕೆ ಆ ಹೆಸರು ಬಂದದ್ದು 1960ರಲ್ಲಿ. ಅದರ ತುಂಡುಗಳು ಚೌಕವೇ ಆಗಿರಬೇಕಿಲ್ಲ, ಲೆಕ್ಕದ ರೀತಿಯೂ ಬೇರೆ. ತುಂಡು ಮಾಡಿ ನೋಡುವ ಮನಸ್ಸು ಮಾತ್ರ ಅದೇ.

1950ರಲ್ಲಿ ಅಮೆರಿಕದ ವಿಜ್ಞಾನಿಗಳು ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಕಂಪ್ಯೂಟರಿನಲ್ಲಿ ಹವಾಮಾನದ ಲೆಕ್ಕ ಮಾಡಿ ಯಶಸ್ವಿಯಾದರು. ಆ ಫಲಿತಾಂಶವನ್ನು ನೋಡಿ ಅವರನ್ನು ಅಭಿನಂದಿಸುವ ಭಾಗ್ಯ ರಿಚರ್ಡ್‌ಸನ್ ಅವರಿಗೆ ಇತ್ತು. 1953ರ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್ಮನ್ ಊರಿನಲ್ಲಿ ಅವರು ತೀರಿಕೊಂಡರು. ಯುದ್ಧಗಳ ಬಗ್ಗೆ ಅವರು ಬರೆದ ಎರಡು ಪುಸ್ತಕಗಳು ಅಚ್ಚಾಗಿ ಬಂದದ್ದು ಏಳು ವರ್ಷಗಳ ನಂತರ, 1960ರಲ್ಲಿ.

ನಮಗೆ ಲೆಕ್ಕ ಹೇಳಿಕೊಟ್ಟ ಪೋಷಕರಿಗೂ ಕನ್ನಡ ಹೇಳಿಕೊಟ್ಟ ಶಿಕ್ಷಕರಿಗೂ ಕೊನೆಯಲ್ಲಿ ನನ್ನದೊಂದು ಕೋರಿಕೆ. ನಾವು ಮುಂದೆ ಏನೇ ಲೆಕ್ಕ ಮಾಡಿ ತಂದರೂ ಉತ್ತರ ಎಷ್ಟು ಎಂದು ಮಾತ್ರ ಕೇಳಬೇಡಿ. ಅದು ಎಷ್ಟು ತಪ್ಪಿರಬಹುದು, ಯಾರ ಕೈಗೆ ಹೋಗುತ್ತದೆ ಎಂದೂ ಕೇಳಿ. ರಿಚರ್ಡ್‌ಸನ್ ಅವರು ತಮ್ಮನ್ನು ತಾವು ಈ ಎರಡು ಪ್ರಶ್ನೆ ಕೇಳಿಕೊಳ್ಳುವುದನ್ನು ಬಿಡಲಿಲ್ಲ.